ಗೇಟು ಹಾಕಿದ ಮೇಲೆ

ಕನ್ನಡನಾಡಿನ ಮೊದಲ ರಾಜಮನೆತನ ಅಂತ ನಾವು ಶಾಲೆಯಲ್ಲಿ ಓದಿದ ಕದಂಬರ ಕಥೆ ಶುರುವಾಗೋದು ಒಂದು ಕ್ಯಾಂಪಸ್ ಗಲಾಟೆಯಿಂದ. ತಮಾಷೆಗೆ ಹೇಳ್ತಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ನಿಂತಿರುವ ಕಲ್ಲುಕಂಬದ ಶಾಸನದಲ್ಲೇ ಇದು ಇದೆ. ಮಯೂರಶರ್ಮ ಅನ್ನೋ ಹುಡುಗ ತನ್ನ ಗುರು ವೀರಶರ್ಮನ ಜೊತೆ ಓದೋಕೆ ಅಂತ ಕಂಚಿಗೆ ಹೋದ. ಕಂಚಿಯ ಘಟಿಕಾಸ್ಥಾನ ಅಂದರೆ ಆ ಕಾಲದ ದೊಡ್ಡ ವಿಶ್ವವಿದ್ಯಾಲಯ. ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನ ಜೊತೆ ಜಗಳವಾಯಿತು, ಅವಮಾನವಾಯಿತು. ಹುಡುಗ ಓದು ಬಿಟ್ಟು ಕತ್ತಿ ಹಿಡಿದ. ಕಾಡು ಸೇರಿ, ಪಡೆ ಕಟ್ಟಿ, ಸುತ್ತಲಿನ ರಾಜರಿಂದ ಕಪ್ಪ ವಸೂಲಿ ಮಾಡಿದ. ಹಾಗೆ ಕಪ್ಪ ಕೊಟ್ಟವರ ಸಾಲಿನಲ್ಲಿ ಬೃಹದ್ಬಾಣರ ಹೆಸರಿದೆ. ಬಾಣರು ಅಂದರೆ ನಮ್ಮ ಕೋಲಾರ, ಮುಳಬಾಗಿಲು, ಚಿತ್ತೂರು ಸೀಮೆಯಲ್ಲಿ ಶತಮಾನಗಳ ಕಾಲ ಶಾಸನಗಳನ್ನು ಬಿಟ್ಟುಹೋದ ಮನೆತನ.

ಇತಿಹಾಸದ ಪುಸ್ತಕಗಳಿಗೆ ಇದು ಒಂದು ರಾಜ್ಯ ಹುಟ್ಟಿದ ಕಥೆ. ನನಗೆ ಮಾತ್ರ ಇದರಲ್ಲಿ ಇನ್ನೊಂದು ವಿಷಯ ಕಾಣುತ್ತೆ. ಪರಸ್ಥಳದಿಂದ ಓದೋಕೆ ಬಂದ ಹುಡುಗನಿಗೆ ದೊಡ್ಡ ಪಟ್ಟಣದಲ್ಲಿ ಏಟು ಬಿದ್ದರೆ ದೂರು ಕೊಡೋಕೆ ಯಾರೂ ಇರಲಿಲ್ಲ. ಇದ್ದಿದ್ದರೆ ಅವನು ವೇದ ಓದಿಕೊಂಡು ವಾಪಸ್ ಊರಿಗೆ ಹೋಗುತ್ತಿದ್ದನೇನೋ.

ಈ ಕಷ್ಟ ಬರೀ ನಮ್ಮದಲ್ಲ. 12ನೇ ಶತಮಾನದಲ್ಲಿ ಇಟಲಿಯ ಬೊಲೋನ್ಯಕ್ಕೆ ಕಾನೂನು ಓದೋಕೆ ಬರುತ್ತಿದ್ದ ಪರದೇಶದ ಹುಡುಗರನ್ನು ಊರಿನ ಸಾಲಗಾರರು ಹಿಡಿದುಹಾಕುತ್ತಿದ್ದರು. ಕಾರಣ? ಇವರ ದೇಶದವನು ಇನ್ಯಾರೋ ಸಾಲ ತೀರಿಸದೆ ಓಡಿಹೋಗಿದ್ದಾನೆ ಅಂತ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ ಇದಕ್ಕೇ ಒಂದು ಶಾಸನ ಮಾಡಿದ: ಓದೋಕೆ ಬಂದವನನ್ನು ಬೇರೆಯವರ ಸಾಲಕ್ಕೆ ಹಿಡಿಯುವಂತಿಲ್ಲ, ಅವನ ಮೇಲೆ ದೂರಿದ್ದರೆ ಅವನ ಗುರುವಿನ ಮುಂದೆಯೋ ಬಿಷಪ್ಪನ ಮುಂದೆಯೋ ವಿಚಾರಣೆ ಆಗಬೇಕು. ಆದರೂ 1355ರಲ್ಲಿ ಆಕ್ಸ್‌ಫರ್ಡಿನ ಒಂದು ಹೆಂಡದಂಗಡಿಯಲ್ಲಿ, ಕೊಟ್ಟ ಮದ್ಯ ಚೆನ್ನಾಗಿಲ್ಲ ಅಂತ ಹತ್ತಿದ ಜಗಳ ಊರಿನವರಿಗೂ ವಿದ್ಯಾರ್ಥಿಗಳಿಗೂ ದೊಡ್ಡ ಕಾಳಗವಾಗಿ 60ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸತ್ತರು ಅಂತ ಲೆಕ್ಕ ಹೇಳುತ್ತಾರೆ. ವಿದ್ಯಾರ್ಥಿ ಅಂದರೆ ಮೊದಲಿಂದಲೂ ಪರಸ್ಥಳದವನು. ಅವನ ಹೊಣೆ ಯಾರದು ಅನ್ನೋದು ಆವತ್ತಿನಿಂದ ಇವತ್ತಿನವರೆಗೂ ಪೂರ್ತಿ ತೀರ್ಮಾನವಾಗಿಲ್ಲ.

ನಮ್ಮ ಕಡೆ ಹಾಸ್ಟೆಲ್ ಬರೋಕೆ ಮುಂಚೆ ಇದ್ದದ್ದು ವಾರಾನ್ನ. ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪ ಹುಟ್ಟಿದ್ದು 1887ರಲ್ಲಿ, ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರಲ್ಲಿ. ಆ ತಲೆಮಾರಿನಲ್ಲಿ ಹಳ್ಳಿಯಿಂದ ಪೇಟೆಗೆ ಓದೋಕೆ ಹೋದ ಎಷ್ಟೋ ಹುಡುಗರ ಹೊಟ್ಟೆ ತುಂಬಿಸಿದ್ದು ಈ ವ್ಯವಸ್ಥೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಮಲಗೋಕೆ ಯಾವುದಾದರೂ ಛತ್ರವೋ ದೇವಸ್ಥಾನದ ಪಡಸಾಲೆಯೋ ನೆಂಟರ ಜಗುಲಿಯೋ.

ಇದರಲ್ಲಿ ಅವಮಾನ ಇತ್ತು, ಹಸಿವೂ ಇತ್ತು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ನೀರೇ ಗತಿ. ಆದರೆ ಒಂದು ಅನುಕೂಲವೂ ಇತ್ತು. ಮಂಗಳವಾರದ ಹುಡುಗ ಊಟಕ್ಕೆ ಬರಲಿಲ್ಲ ಅಂದರೆ ಆ ಮನೆಯ ಅಮ್ಮನಿಗೆ ಗೊತ್ತಾಗುತ್ತಿತ್ತು. ಜ್ವರ ಬಂತಾ, ಯಾರಾದರೂ ಹೊಡೆದರಾ, ಓಡಿಹೋದನಾ ಅಂತ ಕೇಳೋಕೆ ಏಳು ಮನೆಗಳಿದ್ದವು. ಬಯೋಮೆಟ್ರಿಕ್ ಇಲ್ಲದ ಕಾಲದ ಹಾಜರಿ ಅದು.

ಆ ಏಳು ಮನೆಯ ಬಾಗಿಲು ಯಾರಿಗೆ ತೆರೆಯುತ್ತಿತ್ತು ಅನ್ನೋದನ್ನೂ ಹೇಳಲೇಬೇಕು. ಜಾತಿ ನೋಡಿ ತೆರೆಯುತ್ತಿತ್ತು. ಮುಖ್ಯವಾಗಿ ಬ್ರಾಹ್ಮಣ ಹುಡುಗರಿಗಿದ್ದ ಸೌಕರ್ಯ ಅದು. ರೈತರ ಮಕ್ಕಳಿಗೆ ಕಷ್ಟ, ಕೇರಿಯ ಮಕ್ಕಳಿಗೆ ಅಸಾಧ್ಯ, ಹೆಣ್ಣುಮಕ್ಕಳ ಮಾತೇ ಇಲ್ಲ. ಇಡೀ ಹಳೇ ಮೈಸೂರಿನಲ್ಲಿ 20ನೇ ಶತಮಾನದ ಮೊದಲ ದಶಕಗಳಲ್ಲಿ ಜಾತಿವಾರು ಹಾಸ್ಟೆಲ್‌ಗಳು ಎದ್ದದ್ದು ಇದಕ್ಕೇ. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗೋದು ಹೇಗೆ ಅಂತ ನೋಡೋಕೆ ಮಿಲ್ಲರ್ ಸಮಿತಿ ನೇಮಕವಾಯಿತು. ನೌಕರಿ ಬೇಕಂದರೆ ಡಿಗ್ರಿ ಬೇಕು, ಡಿಗ್ರಿ ಬೇಕಂದರೆ ಪೇಟೆಯಲ್ಲಿ ಇರೋಕೆ ಒಂದು ಜಾಗ ಬೇಕು. ಲೆಕ್ಕ ಅಷ್ಟು ಸರಳ. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಹುಡುಗರಿಗಾಗಿ ಹಾಸ್ಟೆಲ್ ಕೆಲಸಕ್ಕೆ ಇಳಿದರು. ಅವರ ಹೆಸರಿನ ಹಾಸ್ಟೆಲಿನಲ್ಲಿ ಓದಿದ ಕವಿ ಸಿದ್ಧಲಿಂಗಯ್ಯ ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ಆ ದಿನಗಳನ್ನು ಬರೆದಿದ್ದಾರೆ. ಓದಿಲ್ಲದವರು ಓದಿ. ನಗು ಬರುತ್ತೆ, ಆಮೇಲೆ ನಕ್ಕಿದ್ದಕ್ಕೆ ಸಂಕಟವಾಗುತ್ತೆ.

ಹಾಸ್ಟೆಲಿನಲ್ಲಿ ಒಂದೇ ಕಷ್ಟದ ನೂರು ಹುಡುಗರು ಒಂದೇ ಸೂರಿನಡಿ ಸೇರಿದರು. ಅದು ಬಲ. ಜೊತೆಗೆ, ಹೊಡೆಯಬೇಕು ಅನ್ನೋರಿಗೆ ವಿಳಾಸವೂ ಸಿಕ್ಕಿತು. 1973ರ ನವೆಂಬರ್‌ನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ರಾಜ್ಯವೇ ಹೊತ್ತಿಕೊಂಡಿತು. ಬಸವಲಿಂಗಪ್ಪನವರು ಕೊನೆಗೆ ರಾಜೀನಾಮೆ ಕೊಟ್ಟರು. ಅದು ಎಲ್ಲರಿಗೂ ನೆನಪಿದೆ. ಆ ದಿನಗಳಲ್ಲಿ ದಲಿತ ವಿದ್ಯಾರ್ಥಿಗಳನ್ನು ಕಾಲೇಜಿನಲ್ಲಿ ಬೀದಿಯಲ್ಲಿ ಹುಡುಕಿ ಹೊಡೆದರು, ಅವರ ಹಾಸ್ಟೆಲ್‌ಗಳ ಮೇಲೆ ದಾಳಿ ಮಾಡಿದರು ಅನ್ನೋದು ಅಷ್ಟಾಗಿ ನೆನಪಿಲ್ಲ. ಹಾಗೆ ಏಟು ತಿಂದ ತಲೆಮಾರಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಅದು ಗಟ್ಟಿಯಾಗಿ ಬೇರು ಬಿಟ್ಟ ಜಿಲ್ಲೆಗಳಲ್ಲಿ ನಮ್ಮ ಕೋಲಾರ ಒಂದು. ಕಂಚಿಯ ಹುಡುಗ ಕತ್ತಿ ಹಿಡಿದ, ಇವರು ತಮಟೆ ಹಿಡಿದು ಹಾಡು ಕಟ್ಟಿದರು.

ಇಲ್ಲಿ ಒಂದು ಮಾತು. ಮಕ್ಕಳನ್ನು ಹಾಸ್ಟೆಲಿಗೆ ಬಿಡುವಾಗ ನಾವು ‘ಮನೆ ಅಂದರೆ ಸುರಕ್ಷಿತ, ಹೊರಗೆ ಅಪಾಯ’ ಅಂತ ಸಲೀಸಾಗಿ ಅಂದುಕೊಳ್ಳುತ್ತೇವೆ. ಎಲ್ಲರಿಗೂ ಹಾಗಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. ಚಿಂತಾಮಣಿ ತಾಲ್ಲೂಕಿನ ಆ ಊರು ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗೋವರೆಗೂ. ಕೇಸು ನಡೆಯಿತು, ಆರೋಪಿಗಳು ಬಿಡುಗಡೆಯಾದರು. ಅಂಥ ಊರುಗಳಿರುವ ಸೀಮೆಯಲ್ಲಿ ಒಬ್ಬ ತಾಯಿ ಮಗನನ್ನು ಸರ್ಕಾರಿ ಹಾಸ್ಟೆಲಿಗೆ ಸೇರಿಸುತ್ತಾಳೆ ಅಂದರೆ ಅದು ಬರೀ ಓದಿಗೆ ಅಲ್ಲ. ಒಂದು ಟ್ರಂಕು, ಒಂದು ತಟ್ಟೆ, ಎರಡು ಜೊತೆ ಬಟ್ಟೆ ಕೊಟ್ಟು ಅವಳು ಮಗನನ್ನು ಊರಿನಿಂದ ಪಾರು ಮಾಡುತ್ತಿದ್ದಾಳೆ.

ಆದ್ದರಿಂದಲೇ 2023ರ ಡಿಸೆಂಬರ್‌ನ ಸುದ್ದಿ ನಮ್ಮನ್ನು ಅಷ್ಟು ಕಲಕಿದ್ದು. ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದರು. ದಲಿತ ಮಕ್ಕಳು. ಮನುಷ್ಯರ ಕೈಯಿಂದ ಮಲ ಬಾಚಿಸಬಾರದು ಅನ್ನೋ ಕಾಯ್ದೆ ದೊಡ್ಡವರಿಗೇ ಅನ್ವಯವಾಗಿ 10 ವರ್ಷ ಕಳೆದಿತ್ತು. ವಿಡಿಯೋ ಹೊರಗೆ ಬಂತು, ಕೇಸಾಯಿತು, ಪ್ರಾಂಶುಪಾಲರು ಮತ್ತು ಒಬ್ಬ ಶಿಕ್ಷಕರ ಬಂಧನವಾಯಿತು, ಅಮಾನತುಗಳಾದವು.

ಆ ಶಾಲೆಗೆ ಕಾಂಪೌಂಡಿರಲಿಲ್ಲ, ವಾರ್ಡನ್ ಇರಲಿಲ್ಲ ಅಂತ ಯಾರೂ ದೂರಲಿಲ್ಲ ನೋಡಿ. ಗೋಡೆ ಗೇಟು ಎಲ್ಲಾ ಹೊರಗಿನವರನ್ನು ತಡೆಯೋಕೆ. ಕೆಡುಕು ಒಳಗೇ ಇದ್ದರೆ ಅದೇ ಗೋಡೆ ಮಗುವಿನ ಕೂಗು ಹೊರಗೆ ಹೋಗದ ಹಾಗೆ ತಡೆಯುತ್ತೆ. ವಾರಾನ್ನದ ಏಳು ಮನೆ ಹೋದ ಮೇಲೆ ಆ ಮಕ್ಕಳಿಗೆ ಉಳಿದದ್ದು ಒಂದು ಮೊಬೈಲ್ ಕ್ಯಾಮೆರಾ.

ಕಾಲೇಜು ಹಾಸ್ಟೆಲ್‌ಗಳ ಕಥೆಗೆ ಬರೋಣ. ರ‍್ಯಾಗಿಂಗ್ ಅನ್ನು ನಾವು ತುಂಬಾ ಕಾಲ ‘ಪರಿಚಯ ಮಾಡಿಕೊಳ್ಳೋದು’ ಅಂತ ಕರೆದೆವು. ಕರ್ನಾಟಕ ಶಿಕ್ಷಣ ಕಾಯ್ದೆ ಇದನ್ನು ಅಪರಾಧ ಅಂತ ಬರೆದಿದೆ. ತಮಾಷೆಗೇ ಆಗಲಿ, ವಿದ್ಯಾರ್ಥಿಯ ಘನತೆಗೆ ಕುಂದು ತರುವ ಕೆಲಸ ಮಾಡಿಸಿದರೆ ಒಂದು ವರ್ಷದವರೆಗೆ ಜೈಲು. ಕಾಯ್ದೆಯ ಹೆಸರಿನಲ್ಲಿ 1983 ಅಂತಿದೆ, ಜಾರಿಗೆ ಬಂದದ್ದು 1995ರಲ್ಲಿ. ಈ ನಡುವೆ ಎಷ್ಟು ಬ್ಯಾಚು ಸೇರಿ ಹೊರಬಿದ್ದವು ಅಂತ ನೀವೇ ಲೆಕ್ಕ ಹಾಕಿ.

1996ರ ನವೆಂಬರ್‌ನಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗನೊಬ್ಬನ ಕೊಲೆಯಾಯಿತು. ಅವನ ತಂದೆ ಆಗ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ. ವಿಶ್ವವಿದ್ಯಾಲಯ ನಡೆಸುವವರ ಮಗನಿಗೇ ಹಾಸ್ಟೆಲಿನಲ್ಲಿ ರಕ್ಷಣೆ ಇಲ್ಲ ಅಂದರೆ ಶ್ರೀನಿವಾಸಪುರದ ಮಾವಿನ ತೋಪಿನ ಕಾವಲುಗಾರನ ಮಗನಿಗೆ ಏನಿರುತ್ತೆ? 1997ರಲ್ಲಿ ತಮಿಳುನಾಡು, ಆಂಧ್ರ ಎರಡೂ ರ‍್ಯಾಗಿಂಗ್ ವಿರುದ್ಧ ಪ್ರತ್ಯೇಕ ಕಾಯ್ದೆ ಮಾಡಿದವು. ಮುಳಬಾಗಿಲಿನಿಂದ ಎರಡೂ ಗಡಿ ದೂರ ಏನಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿತು. 2007ರಲ್ಲಿ ರಾಘವನ್ ಸಮಿತಿ ವರದಿ ಕೊಟ್ಟಿತು. 2009ರ ಮಾರ್ಚ್‌ನಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜೊಂದರಲ್ಲಿ ಅಮನ್ ಕಚ್ರೂ ಅನ್ನೋ ಹುಡುಗ ಸೀನಿಯರ್‌ಗಳ ಏಟಿಗೆ ಸತ್ತ. ಅದೇ ವರ್ಷ ಜೂನ್‌ನಲ್ಲಿ ಯುಜಿಸಿಯ ನಿಯಮಗಳು ಬಂದವು.

ಅಡ್ಮಿಷನ್ ಹೊತ್ತಲ್ಲಿ ವಿದ್ಯಾರ್ಥಿಯೂ ಪೋಷಕರೂ ಸಹಿ ಹಾಕುವ ಆ ಅಫಿಡವಿಟ್ ಇದೆಯಲ್ಲ, ಓದದೆ ಸಹಿ ಮಾಡೋದು, ಅದು ಹುಟ್ಟಿದ್ದು ಹೀಗೆ. ಆ ನಿಯಮಗಳಲ್ಲಿ ಇನ್ನೂ ಇದೆ. ಹೊಸಬರಿಗೆ ಪ್ರತ್ಯೇಕ ಹಾಸ್ಟೆಲ್ ಬ್ಲಾಕ್ ಇರಬೇಕು. ರಾತ್ರಿ ಹೊತ್ತು ಹಠಾತ್ ತಪಾಸಣೆ ನಡೆಯಬೇಕು. ಅಪರಾಧ ಅನ್ನಿಸುವಂಥದ್ದು ನಡೆದರೆ ಸಂಸ್ಥೆಯ ಮುಖ್ಯಸ್ಥರೇ 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕು. ಇದನ್ನು ಎರಡು ಸಲ ಓದಿ. ‘ನಿಮ್ಮ ಹುಡುಗ ಬರೆದು ಕೊಡಲಿ, ಆಮೇಲೆ ನೋಡೋಣ’ ಅಂತ ಹೇಳೋ ಹಾಗಿಲ್ಲ.

ಇನ್ನು ಹುಡುಗಿಯರ ಹಾಸ್ಟೆಲ್. ಅಲ್ಲಿ ಸುರಕ್ಷತೆ ಅಂದರೆ ಗಡಿಯಾರ. ಆರೂವರೆಗೆ ಗೇಟು, ಏಳಕ್ಕೆ ಹಾಜರಿ. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಹತ್ತಿರ ವಿದ್ಯಾರ್ಥಿನಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರವಾದಾಗ ಮೈಸೂರು ವಿಶ್ವವಿದ್ಯಾಲಯ ತಕ್ಷಣ ಒಂದು ಸುತ್ತೋಲೆ ಹೊರಡಿಸಿತು: ಸಂಜೆ 6.30ರ ಮೇಲೆ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಹತ್ತಿರ ಕೂರಬಾರದು. ಎಲ್ಲಾ ಕಡೆಯಿಂದ ಟೀಕೆ ಬಂದ ಮೇಲೆ ಅದನ್ನು ಬದಲಾಯಿಸಬೇಕಾಯಿತು. ಅಪರಾಧ ಮಾಡಿದವರು ಯಾರೋ, ಕರ್ಫ್ಯೂ ಮಾತ್ರ ಹುಡುಗಿಯರಿಗೆ!

ಆ ಸುತ್ತೋಲೆ ಹೊರಡೋಕೆ ಐದು ವರ್ಷ ಮುಂಚೆಯೇ ಇದಕ್ಕೆ ಉತ್ತರ ಸರ್ಕಾರಿ ಗೆಜೆಟ್‌ನಲ್ಲಿತ್ತು. ಲೈಂಗಿಕ ಕಿರುಕುಳ ತಡೆಯುವ ಯುಜಿಸಿಯ 2015ರ ನಿಯಮಗಳು 2016ರ ಮೇ ತಿಂಗಳಲ್ಲಿ ಪ್ರಕಟವಾದವು. ಸುರಕ್ಷತೆಯ ನೆಪ ಹೇಳಿ ಹುಡುಗಿಯರ ಹಾಸ್ಟೆಲಿಗೆ ಹುಡುಗರಿಗಿಲ್ಲದ ನಿರ್ಬಂಧ ಹಾಕುವಂತಿಲ್ಲ ಅಂತ ಅವು ನೇರವಾಗಿ ಹೇಳುತ್ತವೆ. 2015ರಲ್ಲೇ ದೆಹಲಿಯ ಹುಡುಗಿಯರು ‘ಪಿಂಜ್ರಾ ತೋಡ್’ ಅಂತ ಬೀದಿಗಿಳಿದದ್ದು ಇದೇ ಗೇಟಿನ ವಿರುದ್ಧ.

ಇದು ಬರೀ ಸ್ವಾತಂತ್ರ್ಯದ ವಾದ ಅಂತ ಕೆಲವರು ಮೂಗು ಮುರಿಯುತ್ತಾರೆ. ಸುರಕ್ಷತೆಯ ಲೆಕ್ಕದಲ್ಲೇ ನೋಡಿ. ಕೋಲಾರದ ಟಮಕದಲ್ಲಿ 1986ರಿಂದ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆದಾಗ ಅದರ ಕಚೇರಿಯೂ ಟಮಕಕ್ಕೇ ಬಂತು. ಪಕ್ಕದಲ್ಲೇ ಬೆಂಗಳೂರು–ಚೆನ್ನೈ ಕಡೆಯ ಹೆದ್ದಾರಿ. ಇಂಥ ಕಡೆ ಲೈಬ್ರರಿಯಲ್ಲಿ ಕೂತಿರೋ, ಇಲ್ಲ ಮುಳಬಾಗಿಲಿನಿಂದ ಬರೋ ಬಸ್ಸು ತಡವಾದ ಹುಡುಗಿಗೆ ಏಳಕ್ಕೆ ಗೇಟು ಮುಚ್ಚುತ್ತೆ ಅಂದರೆ ಏನಾಗುತ್ತೆ? ಅವಳು ಕತ್ತಲಲ್ಲಿ ಹೆದ್ದಾರಿ ದಾಟೋಕೆ ಓಡುತ್ತಾಳೆ. ಸಿಕ್ಕ ಆಟೋ ಹತ್ತುತ್ತಾಳೆ. ಏಳೂಕಾಲಿಗೆ ಬಂದರೆ ಬೈಗುಳ, ಮನೆಗೆ ಫೋನು. ಫೋನು ಹೋದರೆ ಅಪ್ಪ ಓದು ಬಿಡಿಸಬಹುದು. ಆದ್ದರಿಂದ ದಾರಿಯಲ್ಲಿ ಯಾರಾದರೂ ಹಿಂದೆ ಬಿದ್ದರೂ ಅವಳು ವಾರ್ಡನ್‌ಗೆ ಹೇಳೋದಿಲ್ಲ. ಹೇಳಿದರೆ ಮೊದಲ ಪ್ರಶ್ನೆ, ‘ಆ ಹೊತ್ತಲ್ಲಿ ನಿನಗೆ ಅಲ್ಲೇನು ಕೆಲಸ?’ ದೂರು ಕೊಡೋಕೆ ಹೆದರೋ ಹಾಗೆ ಮಾಡುವ ನಿಯಮ ಯಾರನ್ನು ಕಾಪಾಡುತ್ತೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಬೀದಿದೀಪ, ಸರಿಯಾದ ಹೊತ್ತಿಗೆ ಬಸ್ಸು, ಹೆದ್ದಾರಿ ದಾಟೋಕೆ ನೆಟ್ಟಗಿರೋ ಒಂದು ದಾರಿ, ತಡವಾದರೂ ಬೈಯದೆ ಬಾಗಿಲು ತೆಗೆಯೋ ಒಬ್ಬರು: ಇವಕ್ಕೆ ಸುತ್ತೋಲೆಗಿಂತ ಹೆಚ್ಚು ಖರ್ಚಾಗುತ್ತೆ, ಅಷ್ಟೇ.

ಹಾಸ್ಟೆಲ್ ಸೀಟು ಎಲ್ಲರಿಗೂ ಸಿಗೋದಿಲ್ಲ. 2013ರಲ್ಲಿ ಬಂದ ವಿದ್ಯಾಸಿರಿ ಯೋಜನೆ ಇದನ್ನು ಒಪ್ಪಿಕೊಂಡೇ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿ ಕೊಡೋಕೆ ಶುರುಮಾಡಿತು. ಆ ದುಡ್ಡಿಗೆ ಬೆಂಗಳೂರಿನಲ್ಲಿ ಎಂಥ ಜಾಗ ಸಿಗುತ್ತೆ ಅಂತ ನಿಮಗೆ ಗೊತ್ತು. ಮಾಲೂರಿನವರು ಮಾರಿಕುಪ್ಪಂ ಟ್ರೇನಿನ ಪಾಸು ಮಾಡಿಸಿ ದಿನಾ ಓಡಾಡುತ್ತಾರೆ. ಶ್ರೀನಿವಾಸಪುರದವರಿಗೆ ಅದೂ ಕಷ್ಟ, ಪಿ.ಜಿ. ಹುಡುಕುತ್ತಾರೆ. ಪಿ.ಜಿ. ಅಂದರೆ ಹಾಸ್ಟೆಲಿನ ಗೇಟೂ ಇಲ್ಲ, ವಾರಾನ್ನದ ಅಮ್ಮನೂ ಇಲ್ಲ. 2024ರ ಜುಲೈನಲ್ಲಿ ಕೋರಮಂಗಲದ ಪಿ.ಜಿ.ಯೊಂದರೊಳಗೇ ಯುವತಿಯೊಬ್ಬಳ ಕೊಲೆಯಾದ ಮೇಲೆ ಪಾಲಿಕೆ ಮಾರ್ಗಸೂಚಿ ತಂದಿತು: ಸಿಸಿಟಿವಿ ಇರಬೇಕು, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ ಇರಬೇಕು. ನಮ್ಮಲ್ಲಿ ಪ್ರತಿ ನಿಯಮದ ಹಿಂದೆಯೂ ಒಂದು ಸಾವಿದೆ. ಸಾವಿಗೆ ಮುಂಚೆ ಬಂದ ನಿಯಮ ಹುಡುಕಿದರೂ ಸಿಗೋದು ಕಷ್ಟ.

ಇದನ್ನು ಓದುತ್ತಿರುವ ನೀವು ಬಹುಶಃ ಹಾಸ್ಟೆಲಿನ ವಯಸ್ಸು ದಾಟಿದ್ದೀರಿ. ಆದರೆ ಅಡ್ಮಿಷನ್ ಫಾರ್ಮಿನಲ್ಲಿ ‘ಲೋಕಲ್ ಗಾರ್ಡಿಯನ್’ ಅಂತ ಒಂದು ಕಾಲಂ ಇರುತ್ತೆ. ಬೆಂಗಳೂರಿನಲ್ಲಿ ಕೆಲಸದಲ್ಲಿರೋ ನಮ್ಮಂಥವರ ಹೆಸರು ಬರೆಯೋದು ಅಲ್ಲೇ. ನಾನೂ ಶ್ರೀನಿವಾಸಪುರದ ನಮ್ಮ ಚಿಕ್ಕಮ್ಮನ ಮಗಳಿಗೆ ಹಾಗೆ ಸಹಿ ಹಾಕಿದ್ದೇನೆ. ಹಾಕುವಾಗ ಆ ಕಚೇರಿಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆದ್ದರಿಂದ ನಾನೇ ಕೇಳಿದೆ. ರಾತ್ರಿ ಇಲ್ಲಿ ಯಾರು ಮಲಗುತ್ತಾರೆ, ಅವರ ನಂಬರು ಯಾವುದು? ಹೊಸ ಹುಡುಗಿಯರಿಗೆ ಬೇರೆ ಬ್ಲಾಕ್ ಇದೆಯಾ? ರ‍್ಯಾಗಿಂಗ್ ತಡೆ ಸಮಿತಿ, ಕಿರುಕುಳದ ದೂರು ನೋಡುವ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ, ಹೆಸರು ಎಲ್ಲಿ ಅಂಟಿಸಿದ್ದೀರಿ? ಬೆಂಕಿ ಬಿದ್ದರೆ ಎರಡನೇ ಬಾಗಿಲು ಎಲ್ಲಿದೆ, ಅದರ ಬೀಗದ ಕೈ ಯಾರ ಹತ್ತಿರ ಇರುತ್ತೆ? ರಾತ್ರಿ ಜ್ವರ ಬಂದರೆ ಯಾವ ಗಾಡಿ? ಶೌಚಾಲಯ ತೊಳೆಯೋರು ಯಾರು?

ಕೊನೆಯ ಪ್ರಶ್ನೆಗೆ ಗುಮಾಸ್ತರು ನನ್ನ ಮುಖ ನೋಡಿದರು. ಯಲವಹಳ್ಳಿ ಅಂದೆ. ಸುಮ್ಮನಾದರು. ಆಮೇಲೆ ಎದ್ದು ಹೋಗಿ ವಾರ್ಡನ್ ಮೇಡಂ ಅವರನ್ನೇ ಕರೆದುಕೊಂಡು ಬಂದರು.

ಚಿಕ್ಕಮ್ಮನ ಮಗಳ ಫೋನಿನಲ್ಲಿ ನಾಲ್ಕು ನಂಬರು ಸೇವ್ ಮಾಡಿಸಿದ್ದೇನೆ. ನಿಮ್ಮ ತಮ್ಮ ತಂಗಿಯರಿಗೂ ಮಾಡಿಸಿ. ರ‍್ಯಾಗಿಂಗ್ ಸಹಾಯವಾಣಿ 1800-180-5522, ಹಗಲೂ ರಾತ್ರಿ ಇರುತ್ತೆ. ತುರ್ತಿಗೆ 112. ಹೆಣ್ಣುಮಕ್ಕಳಿಗೆ 181. ಇನ್ನೂ 18 ತುಂಬದ ಪಿಯುಸಿ ಮಕ್ಕಳು ಹಾಸ್ಟೆಲಿನಲ್ಲಿದ್ದರೆ 1098. ಇವುಗಳ ಜೊತೆಗೆ ಒಂದು ಒಪ್ಪಂದವೂ ಇದೆ. ಪ್ರತಿ ಮಂಗಳವಾರ ರಾತ್ರಿ ಅವಳೇ ನನಗೆ ಫೋನ್ ಮಾಡಬೇಕು. ಮಾಡದಿದ್ದರೆ ಬುಧವಾರ ನಾನು ಆಫೀಸಿನಿಂದ ನೇರ ಅಲ್ಲಿಗೆ ಹೋಗುತ್ತೇನೆ. ಉಳಿದ ದಿನಗಳನ್ನು ಚಿಕ್ಕಮ್ಮ, ಅವರ ತಮ್ಮ, ಯಲಹಂಕದ ನಮ್ಮ ಅತ್ತೆ ಹಂಚಿಕೊಂಡಿದ್ದಾರೆ. ಏಳು ಮನೆ ಇನ್ನೂ ಆಗಿಲ್ಲ, ಸದ್ಯಕ್ಕೆ ನಾಲ್ಕು.